ಕೊಲಂಬಿಯಾವನ್ನು ಯಾವ ಕವಿತೆಯಿಂದ ಓದಲು ತೊಡಗಬೇಕು?

ಹೊಳೆದಂಡೆ ಬರೆದಿದ್ದಾರೆ:

ನಮ್ಮ ಓದುಬಳಗವು ಬರುವ ತಿಂಗಳುಗಳಲ್ಲಿ ಕೊಲಂಬಿಯಾದ ಕಾವ್ಯವನ್ನು ಕೈಗೆತ್ತಿಕೊಳ್ಳಬೇಕೆಂದು ತೀರ್ಮಾನಿಸಿರುವುದರಿಂದ, ಓದನ್ನು ಎಲ್ಲಿಂದ ಆರಂಭಿಸಬೇಕೆಂಬ ಬಗ್ಗೆ ಎಲ್ಲರ ಅಭಿಪ್ರಾಯ ಕೇಳಬೇಕೆನಿಸಿತು. ಕನ್ನಡದ ಓದುಗರಲ್ಲಿ ಹೆಚ್ಚಿನವರಿಗೆ ಆ ದೇಶ ಪರಿಚಯವಾದದ್ದು ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಅವರ ಕಾದಂಬರಿಗಳಿಂದ. ಉಳಿದವರಿಗೆ ಮಾದಕವಸ್ತು ಸಾಗಣೆಯನ್ನು ಕುರಿತ ಧಾರಾವಾಹಿಗಳಿಂದ. ಈ ಎರಡರ ನಡುವೆ ಅಲ್ಲಿನ ಜನ ದಿನನಿತ್ಯ ಹೇಗೆ ಮಾತನಾಡುತ್ತಾರೆ, ಯಾವ ಪದ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ, ಸಾವಿನ ಮನೆಯಲ್ಲಿ ಏನು ಹಾಡುತ್ತಾರೆ ಎಂಬುದೆಲ್ಲ ನಮ್ಮ ಕಣ್ಣಿಗೆ ಬೀಳದೆ ಹೋಗಿದೆ.

ನನ್ನ ಸಲಹೆ ಕಾಂದೆಲಾರಿಯೊ ಒಬೇಸೊ ಅವರಿಂದ ತೊಡಗೋಣ ಎಂಬುದು. ಅವರು 1849ರಲ್ಲಿ ಮಗ್ದಲೇನಾ ನದಿಯ ದಂಡೆಯ ಮೊಂಪೋಸ್ ಪಟ್ಟಣದಲ್ಲಿ ಹುಟ್ಟಿದ ಕಪ್ಪುಜನಾಂಗದ ಕವಿ. ಅವರು ಹುಟ್ಟಿದಾಗ ಆ ದೇಶದಲ್ಲಿ ಗುಲಾಮಗಿರಿ ಇನ್ನೂ ಕಾನೂನುಬದ್ಧವಾಗಿತ್ತು. ಅದು ಕೊನೆಗೊಂಡದ್ದು 1852ರ ಜನವರಿ 1ರಂದು. ಕರಾವಳಿಯಿಂದ ಒಳನಾಡಿಗೆ ಹೋಗುವ ಸರಕೆಲ್ಲ ಆ ನದಿಯ ಮೇಲೆಯೇ ಸಾಗುತ್ತಿದ್ದ ಕಾಲದಲ್ಲಿ, ಉದ್ದನೆಯ ಗಳುಗಳನ್ನು ಎದೆಗೆ ಒತ್ತಿ ಪ್ರವಾಹಕ್ಕೆ ಎದುರಾಗಿ ದೋಣಿ ನೂಕುತ್ತಿದ್ದ ಅಂಬಿಗರನ್ನು ಅಲ್ಲಿ ಬೋಗಾ ಎಂದು ಕರೆಯುತ್ತಿದ್ದರು. ಯುರೋಪಿನಿಂದ ಬಂದ ಪ್ರವಾಸಿಗರು ಈ ಅಂಬಿಗರ ಗದ್ದಲ, ಬೆವರು, ಬೈಗುಳಗಳ ಬಗ್ಗೆ ಪುಟಗಟ್ಟಲೆ ದೂರಿ ಬರೆದಿದ್ದಾರೆ. ಒಬೇಸೊ 1877ರಲ್ಲಿ ಪ್ರಕಟಿಸಿದ 'ನನ್ನ ನಾಡಿನ ಜನಪದ ಹಾಡುಗಳು' ಎಂಬ ಸಂಕಲನದಲ್ಲಿ ಅದೇ ಅಂಬಿಗ, ಕತ್ತಲ ರಾತ್ರಿಯಲ್ಲಿ ಒಬ್ಬನೇ ದೋಣಿ ನಡೆಸುತ್ತಾ, ಊರಲ್ಲಿ ಬಿಟ್ಟುಬಂದ ನಲ್ಲೆ ತನ್ನನ್ನು ನೆನೆಯುತ್ತಿರುವಳೋ ಇಲ್ಲವೋ ಎಂದು ಹಂಬಲಿಸಿ ಹಾಡುತ್ತಾನೆ. ಹಾಡುವುದು ತನ್ನ ಉಚ್ಚಾರದಲ್ಲಿಯೇ. ನದೀತೀರದವರು ಅಕ್ಷರಗಳನ್ನು ನುಂಗುವ, ಸಡಿಲಿಸುವ ರೀತಿಯನ್ನು ಕವಿ ಹಾಗೆಯೇ ಬರಹಕ್ಕೆ ಇಳಿಸಿದ್ದಾರೆ. ಅದನ್ನು ಓದುವ ಕ್ರಮವನ್ನು ಪುಸ್ತಕದ ಆರಂಭದಲ್ಲಿ ವಿವರಿಸಿಯೂ ಇದ್ದಾರೆ.

ಇಂಥ ಕವಿಗೆ ಶಿಷ್ಟಭಾಷೆ ಬರುತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು. ಷೇಕ್ಸ್‌ಪಿಯರನ ಒಥೆಲೊ ನಾಟಕವನ್ನು ಸ್ಪ್ಯಾನಿಷ್‌ಗೆ ತಂದವರು ಅವರೇ. ನದಿಯ ಮಾತನ್ನು ಅವರು ಬೇಕೆಂದೇ ಆರಿಸಿಕೊಂಡರು. ಹುಟ್ಟಿದ ಊರನ್ನು ಬಿಟ್ಟು ರಾಜಧಾನಿ ಬೊಗೊಟಾದಲ್ಲಿ ಬಡತನದಲ್ಲಿ ಬದುಕಿ, 35ನೆಯ ವಯಸ್ಸಿನಲ್ಲಿ, 1884ರಲ್ಲಿ ತೀರಿಕೊಂಡರು. ಕೊಲಂಬಿಯಾದ ಗುರುತು ಎಂದರೇನು ಎಂಬ ಪ್ರಶ್ನೆಗೆ ಉತ್ತರ ಇರುವುದು ಯಾರ ಮಾತನ್ನು ಮಾತೆಂದು ಒಪ್ಪಲಾಗಿದೆ ಎಂಬುದರಲ್ಲಿ ಎಂದು ನಾನು ನಂಬಿದ್ದೇನೆ. ಆದುದರಿಂದ ಮೊದಲ ಓದು ಅವರದೇ ಆಗಲಿ.

ಪದವಿಚಾರ ಬರೆದಿದ್ದಾರೆ:

ಹೊಳೆದಂಡೆಯವರ ಸಲಹೆಯ ಹಿಂದಿರುವ ಕಳಕಳಿಯನ್ನು ಗೌರವಿಸುತ್ತಲೇ ನಾನು ಭಿನ್ನಮತ ಹೇಳುತ್ತೇನೆ. ಒಬೇಸೊ ಯಾವುದರ ವಿರುದ್ಧ ಬರೆದರು ಎಂಬುದು ಗೊತ್ತಿಲ್ಲದೆ ಅವರನ್ನು ಓದಿದರೆ ನಮಗೆ ಸಿಗುವುದು ಒಂದು ಇಂಪಾದ ಹಾಡು ಮಾತ್ರ. ಆದ್ದರಿಂದ ಮೊದಲು ಬೊಗೊಟಾವನ್ನು ನೋಡಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ನಗರ ತನ್ನನ್ನು ದಕ್ಷಿಣ ಅಮೆರಿಕದ ಅಥೆನ್ಸ್ ಎಂದು ಕರೆಸಿಕೊಳ್ಳುತ್ತಿತ್ತು. ಸ್ಪ್ಯಾನಿಷ್ ಭಾಷೆಗಾಗಿ ಅಮೆರಿಕ ಖಂಡಗಳಲ್ಲಿ ಸ್ಥಾಪನೆಯಾದ ಮೊದಲ ಅಕಾಡೆಮಿ 1871ರಲ್ಲಿ ಅಲ್ಲಿಯೇ ಹುಟ್ಟಿತು. 1886ರ ಸಂವಿಧಾನದ ಮುಖ್ಯ ಶಿಲ್ಪಿಯಾದ ಮಿಗೆಲ್ ಅಂತೋನಿಯೊ ಕಾರೊ ಲ್ಯಾಟಿನ್ ವೈಯಾಕರಣ, ವರ್ಜಿಲನ ಅನುವಾದಕ. ಮುಂದೆ ದೇಶದ ಆಡಳಿತವೂ ಅವರ ಕೈಗೆ ಬಂತು. ಅಧ್ಯಕ್ಷರಾಗಿದ್ದ ರಫಾಯೆಲ್ ನೂನ್ಯೆಸ್ ರಾಷ್ಟ್ರಗೀತೆಯ ಪದ್ಯಗಳನ್ನು ಬರೆದರು. ಪೊಪಾಯಾನ್ ನಗರದ ಕವಿ ಗಿಯೆರ್ಮೊ ವಲೆನ್ಸಿಯಾ 1918ರಲ್ಲಿ ಮತ್ತು 1930ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತರು. ಕ್ರಿಯಾಪದವನ್ನು ತಪ್ಪಿಲ್ಲದೆ ಬಳಸುವುದು ಆಳುವ ಯೋಗ್ಯತೆಯ ಲಕ್ಷಣವೆನಿಸಿದ್ದ ದೇಶ ಅದು. ಆಂಡಿಸ್ ಪರ್ವತಗಳ ಮೂರು ಸಾಲುಗಳು ನಾಡನ್ನು ಸೀಳಿರುವಾಗ, ರಸ್ತೆಗಳಾಗಲಿ ರೈಲಾಗಲಿ ಒಂದಾಗಿಸಲಾರದೆ ಹೋದ ಜನರನ್ನು ವ್ಯಾಕರಣದಿಂದ ಒಂದಾಗಿಸಬಹುದೆಂದು ಆ ಗಣ್ಯರು ನಂಬಿದ್ದರು. ಆ ನಂಬಿಕೆಯ ಎದುರಿಗೆ ನಿಲ್ಲಿಸಿ ನೋಡಿದಾಗಲೇ ಅಂಬಿಗನ ಉಚ್ಚಾರವನ್ನು ಅಚ್ಚಿಗೆ ತಂದವನ ಧೈರ್ಯದ ಅಳತೆ ಸಿಗುತ್ತದೆ.

ಇಷ್ಟಾದರೂ ಬೊಗೊಟಾದ ಕಾವ್ಯವನ್ನು ಗಣ್ಯರ ಆಸ್ತಿಯೆಂದು ಬದಿಗೆ ಸರಿಸುವುದು ಸರಿಯಲ್ಲ. ಹೊಸೆ ಅಸುನ್ಸಿಯೋನ್ ಸಿಲ್ವಾ ಶ್ರೀಮಂತ ವ್ಯಾಪಾರಿಯ ಮಗನಾಗಿ 1865ರಲ್ಲಿ ಹುಟ್ಟಿದರು, 1891ರಲ್ಲಿ ಪ್ರೀತಿಯ ತಂಗಿ ಎಲ್ವಿರಾಳನ್ನು ಕಳೆದುಕೊಂಡರು, ಸಾಲದಲ್ಲಿ ಮುಳುಗಿದರು, 1895ರಲ್ಲಿ ಹಡಗು ಒಡೆದು ಹಸ್ತಪ್ರತಿಗಳು ಸಮುದ್ರದ ಪಾಲಾದವು, ಮರುವರ್ಷ 30ನೆಯ ವಯಸ್ಸಿನಲ್ಲಿ ತಮ್ಮ ಜೀವವನ್ನು ತಾವೇ ತೆಗೆದುಕೊಂಡರು. ಬೆಳದಿಂಗಳಲ್ಲಿ ಎರಡು ನೆರಳುಗಳು ಒಂದಾಗುವುದನ್ನು ಕುರಿತ ಅವರ ರಾತ್ರಿಗೀತೆ ಆ ದೇಶದ ಶಾಲೆ ಕಲಿತವರೆಲ್ಲರೂ ಬಲ್ಲ ಪದ್ಯ. 5,000 ಪೇಸೊ ನೋಟಿನ ಮೇಲೆ ಅವರ ಮುಖವಿದೆ; ಬಸ್ಸಿನ ಚೀಟಿಗೂ ತರಕಾರಿಗೂ ಜನ ಕೊಡುವ ನೋಟು ಅದು. ಅವರು ತೀರಿಕೊಂಡ ಮನೆ 1986ರಿಂದ ಕವಿತೆಗಾಗಿಯೇ ಮೀಸಲಾದ ಸಂಸ್ಥೆಯಾಗಿದೆ. ಅಂಥವರನ್ನು ಎರಡನೆಯ ಸ್ಥಾನಕ್ಕೆ ತಳ್ಳಲು ನನಗೆ ಮನಸ್ಸಿಲ್ಲ.

ಎತ್ತರದ ಊರು ಬರೆದಿದ್ದಾರೆ:

ಉದ್ಯೋಗದ ನಿಮಿತ್ತ ಬೊಗೊಟಾದಲ್ಲಿ ನೆಲೆಸಿರುವ ನನಗೆ ಈ ಚರ್ಚೆ ಬಹಳ ಸಂತೋಷ ಕೊಟ್ಟಿದೆ. ಇಬ್ಬರೂ ಹೇಳಿದ ಕವಿಗಳು ದೊಡ್ಡವರೇ. ಆದರೆ ಇಲ್ಲಿನ ಮನೆಗಳಲ್ಲಿ ಕವಿತೆ ಮೊದಲು ಬಂದು ಸೇರುವುದು ರಫಾಯೆಲ್ ಪೊಂಬೊ ಅವರ ಮೂಲಕ. 1833ರಿಂದ 1912ರವರೆಗೆ ಬಾಳಿದ ಈ ಕವಿಯನ್ನು 1905ರಲ್ಲಿ ಬೊಗೊಟಾದ ಕೊಲೋನ್ ರಂಗಮಂದಿರದಲ್ಲಿ ರಾಷ್ಟ್ರಕವಿಯೆಂದು ಕಿರೀಟವಿಟ್ಟು ಗೌರವಿಸಿದರು. ಇಂದು ಅವರ ಗಂಭೀರ ಕಾವ್ಯಕ್ಕಿಂತ ಹೆಚ್ಚಾಗಿ ಉಳಿದಿರುವುದು ಮಕ್ಕಳ ಪದ್ಯಗಳು. ತಾಯಿಯ ಮಾತು ಮೀರಿ ಠೀವಿಯ ಉಡುಪು ತೊಟ್ಟು ತಿರುಗಾಟಕ್ಕೆ ಹೊರಟ ಕಪ್ಪೆಮರಿ ಕೊನೆಗೆ ಬಾತುಕೋಳಿಯ ಬಾಯಿಗೆ ಬೀಳುವ ಕಥನಪದ್ಯವನ್ನು ಅರ್ಧ ಸಾಲು ಹೇಳಿ ನಿಲ್ಲಿಸಿದರೆ ಸಾಕು, ನನ್ನ ಕಚೇರಿಯ ಕಾವಲುಗಾರರೂ ಲೆಕ್ಕಪರಿಶೋಧಕರೂ ಮುಂದಿನ ಸಾಲನ್ನು ಹೇಳುತ್ತಾರೆ. ವರ್ಗ, ಪ್ರಾಂತ, ಬಣ್ಣ ಎಲ್ಲವನ್ನೂ ದಾಟಿ ಹಂಚಿಹೋದ ಸಾಹಿತ್ಯ ಈ ದೇಶದಲ್ಲಿ ಇದಕ್ಕಿಂತ ಬೇರೆ ಇದೆಯೇ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಮತ್ತೊಂದು ಇದೆ, ಡಿಸೆಂಬರಿನಲ್ಲಿ ಕೇಳಿಬರುವಂಥದ್ದು. 16ರಿಂದ 24ರವರೆಗೆ ಒಂಬತ್ತು ಸಂಜೆ ನೆಂಟರು, ನೆರೆಹೊರೆಯವರು, ಸಹೋದ್ಯೋಗಿಗಳು ಒಬ್ಬೊಬ್ಬರ ಮನೆಯಲ್ಲಿ ಸೇರಿ ನೊವೆನಾ ಎಂಬ ಪ್ರಾರ್ಥನೆ ಓದುತ್ತಾರೆ. ಮಕ್ಕಳು ಗಿಲಕಿ, ತಮಟೆ ಬಡಿಯುತ್ತಾರೆ. ಹಾಲು, ಬೆಲ್ಲ, ಜೋಳದ ಹಿಟ್ಟು ಹಾಕಿ ಕಾಸಿ ಗಟ್ಟಿಗೊಳಿಸಿದ ನಾತಿಯಾ ಮತ್ತು ಎಣ್ಣೆಯಲ್ಲಿ ಕರಿದ ಚೀಸಿನ ಉಂಡೆ ಬುನ್ಯುಯೆಲೊ ಹಂಚುತ್ತಾರೆ. ಈ ಪ್ರಾರ್ಥನೆಯ ಗದ್ಯಭಾಗ ಹದಿನೆಂಟನೆಯ ಶತಮಾನದಲ್ಲಿ ಕ್ವಿಟೊದ ಒಬ್ಬ ಸನ್ಯಾಸಿ ಬರೆದದ್ದು. ಅದರ ನಡುವೆ ಒಬ್ಬರು ಓದಿ ಉಳಿದವರು ಪಲ್ಲವಿ ಹೇಳುವ ಪ್ರಾಸಬದ್ಧ ಪದ್ಯಗಳಿವೆ, ಬಾಲಯೇಸುವನ್ನು ತಡಮಾಡದೆ ಬಾ ಎಂದು ಕರೆಯುವ ಪದ್ಯಗಳು. ಅವುಗಳನ್ನು ಇಂದಿನ ರೂಪಕ್ಕೆ ತಂದವರು ಬೆರ್ತಿಲ್ದಾ ಸಾಂಪೆರ್ ಅಕೋಸ್ತಾ ಎಂಬ ಬೊಗೊಟಾದ ಸನ್ಯಾಸಿನಿ. ಹತ್ತೊಂಬತ್ತನೆಯ ಶತಮಾನದ ಪ್ರಮುಖ ಲೇಖಕಿ ಸೊಲೆದಾದ್ ಅಕೋಸ್ತಾ ಅವರ ಮಗಳು. ದೇಶದಲ್ಲಿ ಅತಿ ಹೆಚ್ಚು ಬಾಯಿಗಳು ಪ್ರತಿ ವರ್ಷ ಹೇಳುವ ಪದ್ಯ ಒಬ್ಬ ಹೆಣ್ಣುಮಗಳದು ಎಂಬುದನ್ನು ಇಲ್ಲಿ ಎಷ್ಟೋ ಜನ ತಿಳಿದಿಲ್ಲ. ದೇವರಲ್ಲಿ ನಂಬಿಕೆಯಿಲ್ಲದ ನನ್ನ ಗೆಳೆಯರೂ ನೊವೆನಾ ತಪ್ಪಿಸುವುದಿಲ್ಲ.

ಇನ್ನು ಮಾತಿನ ವಿಷಯ. ಪದವಿಚಾರ ಅವರು ವ್ಯಾಕರಣದ ಗಣ್ಯರ ಬಗ್ಗೆ ಬರೆದದ್ದನ್ನು ಓದಿ ಇಲ್ಲಿನವರ ಮಾತು ಬಿಗಿಯಾಗಿರುತ್ತದೆಂದು ಯಾರಾದರೂ ಊಹಿಸಬಹುದು. ಬೊಗೊಟಾದಲ್ಲಿ ಗಂಡಹೆಂಡಿರು, ಅಣ್ಣತಮ್ಮಂದಿರು, ಹಳೆಯ ಗೆಳೆಯರು ಸಹ ಪರಸ್ಪರ ಬಹುವಚನದಂಥ ಗೌರವರೂಪದಲ್ಲಿ ಮಾತನಾಡುವುದು ನಿಜ. ಪಕ್ಕದ ಬೊಯಾಕಾ ಪ್ರಾಂತದ ರೈತರು ಅದಕ್ಕಿಂತಲೂ ವಿನಯದ, ಹಳೆಯ ಕಾಲದ ಸಂಬೋಧನೆಯೊಂದನ್ನು ಇಟ್ಟುಕೊಂಡಿದ್ದಾರೆ. ಆದರೆ ಆ ರೂಪದಲ್ಲಿ ದೂರವಿಲ್ಲ. ಬೊಯಾಕಾದ ಅಜ್ಜಿ ಮೊಮ್ಮಗುವನ್ನು ಊಟಕ್ಕೆ ಕರೆಯುವುದೂ ಅದೇ ರೂಪದಲ್ಲಿ. ಕರಾವಳಿಯವರು ಎಲ್ಲರನ್ನೂ ಏಕವಚನದಲ್ಲಿ ಮಾತನಾಡಿಸುತ್ತಾರೆ, ಮೆದೆಯೀನ್ ಮತ್ತು ಕಾಲಿ ನಗರಗಳವರದು ಬೇರೆಯದೇ ಸರ್ವನಾಮ. ಒಬ್ಬ ಕೊಲಂಬಿಯನ್ ಇನ್ನೊಬ್ಬನ ಊರನ್ನು ಮೊದಲ ವಾಕ್ಯದಲ್ಲಿಯೇ ಗುರುತಿಸುತ್ತಾನೆ, ಎರಡನೆಯ ವಾಕ್ಯಕ್ಕೆ ಆ ಊರಿನ ಊಟವನ್ನು ಹೊಗಳುತ್ತಾನೆ ಇಲ್ಲವೇ ತನ್ನೂರಿನದೇ ಮೇಲೆಂದು ವಾದಕ್ಕೆ ಇಳಿಯುತ್ತಾನೆ. ಈ ವಾದ ನಡೆಯುವುದು ಹೆಚ್ಚಾಗಿ ತಿಂತೊ ಕುಡಿಯುತ್ತಾ. ಹಾಲಿಲ್ಲದ ಆ ತೆಳುವಾದ ಕಾಫಿಯನ್ನು ಫ್ಲಾಸ್ಕುಗಳಲ್ಲಿ ತುಂಬಿ, ಮಕ್ಕಳ ತಳ್ಳುಬಂಡಿಯಲ್ಲೋ ಅಂಗಡಿಯ ಗಾಡಿಯಲ್ಲೋ ಇಟ್ಟು ಬೆಳಗಿನ ಜಾವದಿಂದ ಮಾರುವ ಹೆಂಗಸರು ಪ್ರತಿ ಬೀದಿಮೂಲೆಯಲ್ಲಿದ್ದಾರೆ.

ತೋಟದಮನೆ ಬರೆದಿದ್ದಾರೆ:

ಕವಿತೆಯ ವಿಷಯದಲ್ಲಿ ನಾನು ಕೇಳುಗನಷ್ಟೇ. ಮೂಡಿಗೆರೆಯ ಕಡೆ ಅರೇಬಿಕಾ ಬೆಳೆಯುವವನಾದ್ದರಿಂದ ತಿಂತೊ ಬಗ್ಗೆ ಒಂದು ಮಾತು ಸೇರಿಸುತ್ತೇನೆ.

ಕೊಲಂಬಿಯಾದ ಕಾಫಿ ದೊಡ್ಡ ಎಸ್ಟೇಟುಗಳದಲ್ಲ. ಐದು ಲಕ್ಷಕ್ಕೂ ಹೆಚ್ಚು ಕುಟುಂಬಗಳು ಕಡಿದಾದ ಇಳಿಜಾರುಗಳಲ್ಲಿ ಸಣ್ಣ ಹಿಡುವಳಿಗಳಲ್ಲಿ ಅದನ್ನು ಬೆಳೆಯುತ್ತವೆ. ಹಣ್ಣನ್ನು ಮನೆಯಂಗಳದಲ್ಲೇ ಪಲ್ಪ್ ಮಾಡಿ, ತೊಳೆದು, ಒಣಗಿಸುತ್ತವೆ. 1927ರಲ್ಲಿ ಸ್ಥಾಪನೆಯಾದ ಬೆಳೆಗಾರರ ಒಕ್ಕೂಟ ಅವರಿಂದ ಖರೀದಿಸುತ್ತದೆ. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ಅನೇಕ ಕಡೆ ವರ್ಷಕ್ಕೆ ಎರಡು ಮಳೆಗಾಲ, ಎರಡು ಹೂವು, ಎರಡು ಕೊಯ್ಲು. ಕೊಯ್ಯುವ ಆಳುಗಳು ಪ್ರಾಂತದಿಂದ ಪ್ರಾಂತಕ್ಕೆ ಬೆಳೆಯ ಹಿಂದೆ ಸುತ್ತುತ್ತಾ ತಮ್ಮ ಹಾಡು, ಗಾದೆ, ಬೈಗುಳಗಳನ್ನೂ ಹೊತ್ತು ಸಾಗುತ್ತಾರೆ. 1983ರಲ್ಲಿ ಎಲೆತುಕ್ಕು ರೋಗ ಅಲ್ಲಿಗೆ ಬಂದಾಗ ಅವರು ನಂಬಿದ ನಿರೋಧಕ ತಳಿಗಳಿಗೂ ನಮ್ಮ ಕಾವೇರಿ ತಳಿಗೂ ಮೂಲ ಒಂದೇ, ಕತೂರಾ ಮತ್ತು ತಿಮೋರ್ ತಳಿಗಳ ಸಂಕರ.

ಹೇಳಬೇಕಾದ ಮಾತು ಇದು: ಒಳ್ಳೆಯ ಬೀಜವೆಲ್ಲ ದಶಕಗಳ ಕಾಲ ರಫ್ತಿಗೆ ಹೋಯಿತು. ಒಡೆದ, ಹುಳ ಹಿಡಿದ, ಬಲಿಯದ ಬೀಜವನ್ನು ಅಲ್ಲಿ ಪಾಸಿಯಾ ಎನ್ನುತ್ತಾರೆ, ಅದನ್ನು ಕಡುವಾಗಿ ಹುರಿದು ದೇಶದೊಳಗಿನವರು ಕುಡಿದರು. ಜಗತ್ತಿಗೆ ಕಾಫಿಯ ಹೆಸರಿನಲ್ಲಿ ಪರಿಚಿತವಾದ ನಾಡಿನ ಬೆಳೆಗಾರ ತನ್ನದೇ ಹಣ್ಣಿನ ನಿಜವಾದ ರುಚಿಯನ್ನು ಬಹುಕಾಲ ಅರಿತಿರಲಿಲ್ಲ. ಈಚೆಗೆ ಬೊಗೊಟಾ, ಮೆದೆಯೀನ್‌ಗಳಲ್ಲಿ ಊರು, ಎತ್ತರ, ಬೆಳೆಗಾರನನ್ನು ಹೆಸರಿಸಿ ಕಾಫಿ ಕೊಡುವ ಅಂಗಡಿಗಳು ಹೆಚ್ಚಿವೆ ಎಂದು ಕೇಳಿದ್ದೇನೆ, ಮತ್ತು ಬೆಳೆಗಾರನಾಗಿ ಅದಕ್ಕೆ ಮನಃಪೂರ್ವಕ ಸಂತೋಷಪಡುತ್ತೇನೆ. ಅಂಬಿಗನ ಮಾತನ್ನು ಒಳ್ಳೆಯ ಸಾಹಿತ್ಯವೆಂದು ಒಪ್ಪಲು ತೆಗೆದುಕೊಂಡ ಕಾಲಕ್ಕೂ ಇದಕ್ಕೂ ಏನೋ ನಂಟಿದೆ ಎನಿಸುತ್ತದೆ.

ಸಂಜೆಓದು ಬರೆದಿದ್ದಾರೆ:

ಇಲ್ಲಿಯವರೆಗಿನ ಚರ್ಚೆಯಲ್ಲಿ ಯುದ್ಧದ ಪ್ರಸ್ತಾಪವಿಲ್ಲದಿರುವುದು ನನಗೆ ಕೊರತೆಯಾಗಿ ಕಾಣುತ್ತಿದೆ. ಮಾದಕವಸ್ತುವಿನ ಧಾರಾವಾಹಿಗಳನ್ನು ತಿರಸ್ಕರಿಸುವ ಭರದಲ್ಲಿ ಆ ಜನ ಅನುಭವಿಸಿದ್ದನ್ನೂ ನಾವು ಬದಿಗಿಡುವುದು ಬೇಡ.

ಮರಿಯಾ ಮೆರ್ಸೆದೆಸ್ ಕರ್ರಾನ್ಸಾ, 1945ರಿಂದ 2003ರವರೆಗೆ ಬದುಕಿದ್ದವರು, ಪದವಿಚಾರ ಅವರು ಹೇಳಿದ ಸಿಲ್ವಾ ಕಾವ್ಯಗೃಹವನ್ನು ಆರಂಭದಿಂದ ತಮ್ಮ ಕೊನೆಯವರೆಗೆ ನಡೆಸಿದರು. 1990ರ ದಶಕದ ಕೊನೆಯಲ್ಲಿ ಅವರು 24 ಪುಟ್ಟ ಕವಿತೆಗಳ ಒಂದು ಮಾಲಿಕೆ ಬರೆದರು. ಅದರ ಹೆಸರಿನ ಅರ್ಥ 'ನೊಣಗಳ ಹಾಡು'. ಪ್ರತಿ ಕವಿತೆಯ ಶೀರ್ಷಿಕೆ ಒಂದು ಊರಿನ ಹೆಸರು: ನೆಕೊಕ್ಲಿ, ದಾಬೆಯ್ಬಾ, ಮಾಪಿರಿಪಾನ್, ಸೊವಾಚಾ ಮುಂತಾದವು. ಎಲ್ಲವೂ ಹತ್ಯೆಗಳು ನಡೆದ ಸ್ಥಳಗಳು. ಸೊವಾಚಾದಲ್ಲಿ 1989ರ ಆಗಸ್ಟ್ 18ರಂದು ಅಧ್ಯಕ್ಷ ಪದವಿಯ ಅಭ್ಯರ್ಥಿ ಲೂಯಿಸ್ ಕಾರ್ಲೋಸ್ ಗಾಲಾನ್ ಅವರನ್ನು ಸಾರ್ವಜನಿಕ ಸಭೆಯಲ್ಲಿಯೇ ಗುಂಡಿಕ್ಕಿ ಕೊಂದರು. ಮಾಪಿರಿಪಾನ್‌ನಲ್ಲಿ 1997ರ ಜುಲೈಯಲ್ಲಿ ಅರೆಸೇನಾ ಪಡೆಗಳು ಹಳ್ಳಿಗರನ್ನು ಕೊಂದು ನದಿಗೆ ಎಸೆದವು. ಕವಿತೆಗಳಲ್ಲಿ ಕೊಲೆಗಾರರ ಹೆಸರಿಲ್ಲ, ಸತ್ತವರ ಸಂಖ್ಯೆಯಿಲ್ಲ. ಗಾಳಿ, ಹುಲ್ಲು, ನೀರು, ಬಾಯಿ ಇಂಥ ಕೆಲವೇ ಪದಗಳು. ಮಾಪಿರಿಪಾನ್ ಎಂಬ ಊರು ಈಗ ಬರಿಯ ಒಂದು ತಾರೀಖು ಎಂಬರ್ಥದಲ್ಲಿ ಆ ಕವಿತೆ ಮುಗಿದುಬಿಡುತ್ತದೆ. ಸುದ್ದಿಯಲ್ಲಿ ಮಾತ್ರ ಕೇಳಿದ್ದ ದೂರದ ಊರುಗಳ ಹೆಸರುಗಳನ್ನು ಒಂದೊಂದಾಗಿ ನಿಧಾನವಾಗಿ ಉಚ್ಚರಿಸುವಂತೆ ಮಾಡಿದ ಈ ಮಾಲಿಕೆ, ನಾನು ಓದಿರುವ ಅತ್ಯಂತ ನಿಷ್ಠುರವಾದ ದೇಶಭಕ್ತಿಗೀತೆ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಮೆದೆಯೀನ್‌ನ ಅಂತರರಾಷ್ಟ್ರೀಯ ಕಾವ್ಯೋತ್ಸವವನ್ನೂ ಈ ಸಂದರ್ಭದಲ್ಲಿ ನೆನೆಯಬೇಕು. ಅದು ಆರಂಭವಾದದ್ದು 1991ರಲ್ಲಿ, ಆ ನಗರದ ಅತಿ ರಕ್ತಸಿಕ್ತ ವರ್ಷಗಳಲ್ಲೊಂದರಲ್ಲಿ, ಕತ್ತಲಾದ ಮೇಲೆ ಮನೆಯಿಂದ ಹೊರಬರಲು ಜನ ಹೆದರುತ್ತಿದ್ದ ದಿನಗಳಲ್ಲಿ. ಪ್ರವೇಶ ಉಚಿತ. ಕವಿಗಳು ತಮ್ಮ ಭಾಷೆಯಲ್ಲಿ ಓದಿದ ಬಳಿಕ ಸ್ಪ್ಯಾನಿಷ್ ಅನುವಾದ ಕೇಳಿಸುತ್ತಾರೆ. ನುತಿಬಾರಾ ಗುಡ್ಡದ ಬಯಲು ರಂಗಮಂದಿರದಲ್ಲಿ ಮಳೆ ಬಂದರೂ ಸಾವಿರಾರು ಜನ ಎದ್ದುಹೋಗದೆ ಕುಳಿತಿರುವುದನ್ನು ಅಲ್ಲಿಗೆ ಹೋಗಿಬಂದ ಕವಿಗಳು ಬೆರಗಿನಿಂದ ಹೇಳುತ್ತಾರೆ. 2006ರಲ್ಲಿ ಆ ಉತ್ಸವಕ್ಕೆ ಪರ್ಯಾಯ ನೊಬೆಲ್ ಎಂದು ಖ್ಯಾತವಾದ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಕವಿತೆಯಿಂದ ಗುಂಡು ನಿಲ್ಲುತ್ತದೆಂದು ನಾನು ಹೇಳುತ್ತಿಲ್ಲ. ಭಯವಿಲ್ಲದೆ ಅಪರಿಚಿತರ ಪಕ್ಕ ಕುಳಿತುಕೊಳ್ಳುವ ಹಕ್ಕನ್ನು ಒಂದು ನಗರ ಕವಿತೆಯ ನೆಪದಲ್ಲಿ ಮರಳಿ ಪಡೆಯಿತು ಎಂಬುದು ನನಗೆ ಮುಖ್ಯ.

ಕೊನೆಯದಾಗಿ ಬೊಹಯಾ. ಪೆಸಿಫಿಕ್ ಕಡೆಯ ಚೊಕೊ ಪ್ರಾಂತದ ಈ ಪಟ್ಟಣದಲ್ಲಿ 2002ರ ಮೇ 2ರಂದು ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಫಾರ್ಕ್ ಗೆರಿಲ್ಲಾಗಳಿಗೂ ಅರೆಸೇನಾ ಪಡೆಗೂ ಕಾಳಗ ನಡೆಯುತ್ತಿದ್ದಾಗ, ಜನ ಆಶ್ರಯ ಪಡೆದಿದ್ದ ಚರ್ಚಿನ ಮೇಲೆ ಗೆರಿಲ್ಲಾಗಳು ಹಾರಿಸಿದ ಸಿಲಿಂಡರ್ ಬಾಂಬು ಬಿತ್ತು. ಸತ್ತವರಲ್ಲಿ ಅನೇಕರು ಮಕ್ಕಳು. ಆ ಸೀಮೆಯ ಕಪ್ಪುಜನರಲ್ಲಿ ಸತ್ತವರ ಮನೆಯಲ್ಲಿ ರಾತ್ರಿಯಿಡೀ ವಾದ್ಯವಿಲ್ಲದೆ ಹಾಡುವ ಅಲಾಬಾವೊ ಎಂಬ ಶೋಕಗೀತೆಗಳ ಸಂಪ್ರದಾಯವಿದೆ. ಮುಂದಾಳು ಹೆಣ್ಣುಮಗಳು ಸಾಲು ಎತ್ತಿಕೊಂಡರೆ ಉಳಿದವರು ದನಿಗೂಡಿಸುತ್ತಾರೆ. ಯುದ್ಧದಿಂದಾಗಿ ಸರಿಯಾಗಿ ಶವಸಂಸ್ಕಾರವೂ ನಡೆಯದಿದ್ದಾಗ ಬೊಹಯಾದ ಹೆಂಗಸರು ಅದೇ ಧಾಟಿಯಲ್ಲಿ ಹೊಸ ಸಾಲುಗಳನ್ನು ಕಟ್ಟಿದರು. 2016ರ ಸೆಪ್ಟೆಂಬರ್ 26ರಂದು ಕಾರ್ತಹೇನಾದಲ್ಲಿ ಸರ್ಕಾರವೂ ಫಾರ್ಕ್ ಗೆರಿಲ್ಲಾಗಳೂ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದಾಗ, ಬಿಳಿಯುಡುಗೆ ತೊಟ್ಟು ಬಂದಿದ್ದ ದೇಶವಿದೇಶಗಳ ನಾಯಕರ ಮುಂದೆ ಆ ಹೆಂಗಸರು ತಮ್ಮ ಹಾಡು ಹಾಡಿದರು. ಓದುಬಳಗದವರು ಪುಸ್ತಕ ತೆರೆಯುವ ಮೊದಲು ಆ ಧ್ವನಿಮುದ್ರಣ ಕೇಳಬೇಕೆಂಬುದು ನನ್ನ ಬೇಡಿಕೆ.

ಪದವಿಚಾರ ಬರೆದಿದ್ದಾರೆ:

ಸಂಜೆಓದು ಅವರ ಬರಹ ಮನಸ್ಸನ್ನು ಕಲಕಿತು. ಜೊತೆಗೆ ಒಂದು ಆತಂಕವನ್ನೂ ಹೇಳಿಕೊಳ್ಳಬೇಕು. ಕರ್ರಾನ್ಸಾ ಮತ್ತು ಬೊಹಯಾ ಓದಿನ ಕೇಂದ್ರವಾದರೆ ನಮ್ಮ ಬಳಗಕ್ಕೆ ಕೊಲಂಬಿಯಾ ಎಂದರೆ ಮತ್ತೆ ಹಿಂಸೆಯೇ ಆಗಿಬಿಡಬಹುದು, ಧಾರಾವಾಹಿಯ ಜಾಗದಲ್ಲಿ ಶೋಕಗೀತೆ ಬಂದಂತಾದೀತು. ಆ ದೇಶದ ಮಾತಿನಲ್ಲಿ ಸವಾಲು, ಚೇಷ್ಟೆ, ಹಾಜರುಜವಾಬು ಇವುಗಳಿಗೆ ದೊಡ್ಡ ಸ್ಥಾನವಿದೆ.

ಕೆರಿಬಿಯನ್ ಕಡೆಯ ವಲ್ಲೆನಾಟೊ ಹಾಡುಗಾರಿಕೆಯನ್ನು ನೋಡಿ. ಯುರೋಪಿನ ಅಕಾರ್ಡಿಯನ್, ಆಫ್ರಿಕನ್ ಮೂಲದ ಕಾಹಾ ಎಂಬ ಚರ್ಮವಾದ್ಯ, ಮೂಲನಿವಾಸಿಗಳ ಪರಂಪರೆಯ ಗ್ವಾಚರಾಕಾ ಎಂಬ ಉಜ್ಜುವಾದ್ಯ, ಈ ಮೂರೂ ಸೇರಿ ಅದು ಹುಟ್ಟಿತು. ದನಗಾಹಿಗಳೂ ಅಲೆಮಾರಿಗಳೂ ಆದ ಹಾಡುಗಾರರು ಊರಿಂದ ಊರಿಗೆ ಹೋಗಿ ಮದುವೆ, ಜಗಳ, ಓಡಿಹೋದ ಪ್ರೇಮಿಗಳ ಸುದ್ದಿಯನ್ನು ಹಾಡಾಗಿ ಮುಟ್ಟಿಸುತ್ತಿದ್ದರು. ಫ್ರಾನ್ಸಿಸ್ಕೊ ಎಲ್ ಓಂಬ್ರೆ ಎಂಬ ದಂತಕಥೆಯ ಗಾಯಕ ಸೈತಾನನೊಂದಿಗೇ ಅಕಾರ್ಡಿಯನ್ ಸ್ಪರ್ಧೆಗೆ ನಿಂತು, ಕ್ರೈಸ್ತರ ವಿಶ್ವಾಸಪ್ರಮಾಣವನ್ನು ಹಿಂದುಮುಂದಾಗಿ ಹಾಡಿ ಗೆದ್ದನೆಂದು ಹೇಳುತ್ತಾರೆ. 1968ರಿಂದ ವಯ್ಯೆದುಪಾರ್ ನಗರದಲ್ಲಿ ನಡೆಯುವ ಉತ್ಸವದಲ್ಲಿ ಪಿಕೇರಿಯಾ ಎಂಬ ಸ್ಪರ್ಧೆಯೂ ಇರುತ್ತದೆ: ಇಬ್ಬರು ಎದುರುಬದುರು ನಿಂತು ಆಶುಪದ್ಯಗಳಲ್ಲಿ ಒಬ್ಬರನ್ನೊಬ್ಬರು ಕೆಣಕುತ್ತಾರೆ, ಪ್ರಾಸ ತಪ್ಪಿದವನು ಸೋತ. 2015ರಲ್ಲಿ ಯುನೆಸ್ಕೊ ಸಾಂಪ್ರದಾಯಿಕ ವಲ್ಲೆನಾಟೊವನ್ನು ತುರ್ತು ಸಂರಕ್ಷಣೆ ಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಮೆದೆಯೀನ್ ಇರುವ ಆಂತಿಯೋಕಿಯಾ ಪ್ರಾಂತದ ಗುಡ್ಡನಾಡಿನಲ್ಲಿ ಇದೇ ಬಗೆಯ ತ್ರೋವಾ ಇದೆ. ಲಾವಣಿಯ ಸವಾಲ್-ಜವಾಬು ಕೇಳಿ ಬೆಳೆದ ನಮ್ಮ ಉತ್ತರ ಕರ್ನಾಟಕದ ಓದುಗರಿಗೆ ಇದರ ರಂಗು ತಟ್ಟನೆ ಹಿಡಿಸುತ್ತದೆ.

ಕಾರ್ತಹೇನಾದ ಲೂಯಿಸ್ ಕಾರ್ಲೋಸ್ ಲೋಪೆಸ್, 1879ರಿಂದ 1950ರವರೆಗೆ ಬಾಳಿದವರು, ವೈಭವ ಕಳೆದುಕೊಂಡ ತಮ್ಮ ಊರಿನ ಮೇಲಿನ ಅಕ್ಕರೆಯನ್ನು ಮನುಷ್ಯನಿಗೆ ತನ್ನ ಹಳೆಯ ಪಾದರಕ್ಷೆಗಳ ಮೇಲಿರುವ ಅಕ್ಕರೆಗೆ ಹೋಲಿಸಿ ಸುನೀತವೊಂದನ್ನು ಬರೆದರು. ಊರಿನವರು ಅದಕ್ಕೆ ಸಿಟ್ಟಾಗಲಿಲ್ಲ. ಕೋಟೆಯ ಬಳಿ ಆ ಹಳೆಯ ಜೋಡುಗಳಿಗೇ ಕಂಚಿನ ಸ್ಮಾರಕ ಕಟ್ಟಿದರು, ಪ್ರವಾಸಿಗರು ಇಂದಿಗೂ ಅದರ ಮೇಲೆ ಹತ್ತಿ ಚಿತ್ರ ತೆಗೆಸಿಕೊಳ್ಳುತ್ತಾರೆ.

ಸಂಜೆಓದು ಬರೆದಿದ್ದಾರೆ:

ಪದವಿಚಾರ ಅವರ ಆತಂಕ ನ್ಯಾಯವಾದದ್ದು, ಲೋಪೆಸ್ ಅವರನ್ನು ಪಟ್ಟಿಗೆ ಸೇರಿಸಲು ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಅಲಾಬಾವೊವನ್ನು ಹಿಂಸೆಯ ಸಾಹಿತ್ಯವೆಂದು ಎಣಿಸುವುದನ್ನು ನಾನು ಒಪ್ಪಲಾರೆ. ಅದು ಯುದ್ಧಕ್ಕಿಂತ ಹಳೆಯದು. ವಯಸ್ಸಾಗಿ ಸತ್ತವರಿಗೂ ಅದನ್ನೇ ಹಾಡುತ್ತಾರೆ, ಸಾವಿನ ಮನೆಯಲ್ಲಿ ಕಥೆ ಹೇಳುತ್ತಾರೆ, ಡಾಮಿನೊ ಆಡುತ್ತಾರೆ, ಕಬ್ಬಿನ ಮದ್ಯ ಹಂಚುತ್ತಾರೆ.

ಇನ್ನೊಂದು ವಿಷಯ. ಬೊಗೊಟಾದ ಸಾಹಿತ್ಯಸಂವಾದ ಎಂದರೆ ಎಲ್ಲರೂ ಕೆಫೆಗಳನ್ನು ಹೆಸರಿಸುತ್ತಾರೆ. ವಿಂಡ್ಸರ್ ಕೆಫೆಯಲ್ಲಿ 1920ರ ದಶಕದ ತರುಣ ಕವಿಗಳು ಸೇರುತ್ತಿದ್ದುದು, ಆಮೇಲೆ ಔತೊಮಾತಿಕೊ ಕೆಫೆಯಲ್ಲಿ ಕವಿ ಲೆಯೋನ್ ದೆ ಗ್ರೇಯ್ಫ್ ಹೊತ್ತುಗಟ್ಟಲೆ ಕುಳಿತಿರುತ್ತಿದ್ದುದು, 1948ರ ಏಪ್ರಿಲ್ 9ರಂದು ಜನನಾಯಕ ಹೊರ್ಹೆ ಎಲಿಯೆಸೆರ್ ಗೈತಾನ್ ಅವರ ಕೊಲೆಯಾದಾಗ ನಗರಕೇಂದ್ರ ಹೊತ್ತಿ ಉರಿದದ್ದು, ಇವೆಲ್ಲ ಚರಿತ್ರೆಯ ಭಾಗ. ಆದರೆ ಆ ಕೆಫೆಗಳು ಬಹುಮಟ್ಟಿಗೆ ಗಂಡಸರವು. ಅದೇ ಕಾಲದಲ್ಲಿ ಹೆಂಗಸರ ಮಾತು ಎಲ್ಲಿ ನಡೆಯುತ್ತಿತ್ತು ಎಂದು ಕೇಳಿದರೆ ಉತ್ತರ ಅಡುಗೆಮನೆ, ನದಿಯ ಬಟ್ಟೆಗಲ್ಲು, ನೊವೆನಾದ ಪಡಸಾಲೆ, ಸಾವಿನ ಮನೆ. ಬರ್ರಾಂಕಿಯಾದಲ್ಲಿ ಲೆಬನಾನಿನಿಂದ ವಲಸೆ ಬಂದ ಕುಟುಂಬದಲ್ಲಿ ಹುಟ್ಟಿ ಮೇಯ್ರಾ ದೆಲ್ಮಾರ್ ಎಂಬ ಕಾವ್ಯನಾಮದಲ್ಲಿ ಬರೆದ ಕವಯಿತ್ರಿ, 2024ರಲ್ಲಿ ಸ್ಪೇನಿನ ರೇಯ್ನಾ ಸೊಫಿಯಾ ಕಾವ್ಯಪ್ರಶಸ್ತಿ ಪಡೆದ ಪಿಯೆದಾದ್ ಬೊನ್ನೆತ್, ಪೆಸಿಫಿಕ್ ಕಡೆಯ ಮಾತಿನ ಲಯದಲ್ಲಿ ಬರೆಯುವ ಶಿಕ್ಷಕಿ ಮರಿ ಗ್ರುಯೆಸೊ, ಈ ಮೂವರನ್ನೂ ನಾವು ಓದಲೇಬೇಕು.

ಎತ್ತರದ ಊರು ಬರೆದಿದ್ದಾರೆ:

ಇದುವರೆಗೆ ನಾವೆಲ್ಲರೂ ಸ್ಪ್ಯಾನಿಷ್ ಒಳಗಿನ ಭೇದಗಳನ್ನೇ ಚರ್ಚಿಸಿದ್ದೇವೆ. ಈ ದೇಶದಲ್ಲಿ ಅರವತ್ತಕ್ಕೂ ಹೆಚ್ಚು ಮೂಲನಿವಾಸಿ ಭಾಷೆಗಳಿವೆ. ಕಾರೊ ಅವರ 1886ರ ಸಂವಿಧಾನ ಒಂದು ಧರ್ಮ, ಒಂದು ಭಾಷೆಯ ರಾಷ್ಟ್ರವನ್ನು ಕಲ್ಪಿಸಿತ್ತು. ಅದು ಒಂದು ಶತಮಾನಕ್ಕೂ ಮಿಕ್ಕಿ ಬಾಳಿತು. 1991ರ ಸಂವಿಧಾನದ 7ನೆಯ ವಿಧಿ ದೇಶದ ಜನಾಂಗೀಯ ಮತ್ತು ಸಾಂಸ್ಕೃತಿಕ ವೈವಿಧ್ಯವನ್ನು ಮಾನ್ಯ ಮಾಡಿತು, 10ನೆಯ ವಿಧಿ ಆಯಾ ಸಮುದಾಯದ ಭಾಷೆಗೆ ಅದರ ಸೀಮೆಯಲ್ಲಿ ಅಧಿಕೃತ ಸ್ಥಾನ ಕೊಟ್ಟಿತು. ಆಮೇಲಿನ ತಲೆಮಾರಿನ ಕವಿಗಳು ಎರಡು ಭಾಷೆಗಳಲ್ಲಿ ಎದುರುಬದುರು ಪುಟಗಳಲ್ಲಿ ಬರೆಯತೊಡಗಿದರು. ದಕ್ಷಿಣದ ಸಿಬುಂದೊಯ್ ಕಣಿವೆಯ ಊಗೊ ಹಮಿಯೋಯ್ ತಮ್ಮ ಕಮೆನ್ತ್ಸಾ ಭಾಷೆಯಲ್ಲಿ, ಯಾನಕುನಾ ಸಮುದಾಯದ ಫ್ರೆದಿ ಚಿಕಾಂಗಾನಾ ಕೆಚುವಾದಲ್ಲಿ ಬರೆಯುತ್ತಾರೆ. ಉತ್ತರದ ಒಣಭೂಮಿಯಾದ ಗ್ವಾಹೀರಾದ ವಯೂ ಜನರ ಲೋಕವನ್ನು ವೀತೊ ಆಪುಷಾನಾ ಎಂಬ ಕಾವ್ಯನಾಮದ ಕವಿ ಪುಟ್ಟ ಪದ್ಯಗಳಲ್ಲಿ ಹಿಡಿದಿದ್ದಾರೆ. ಕನಸು ಕಂಡವರು ಬೆಳಿಗ್ಗೆ ಅದನ್ನು ಮನೆಮಂದಿಗೆ ಹೇಳಬೇಕು, ಕನಸಿನ ಮಾತನ್ನು ಪಾಲಿಸಬೇಕು ಎಂಬುದು ವಯೂ ಬಾಳಿನ ನಡಾವಳಿ. ಅವರಲ್ಲಿ ಜಗಳಗಳನ್ನು ಬಗೆಹರಿಸಲು ಪ್ರಾಂತಭಾಷೆಯಲ್ಲಿ 'ಮಾತಿನವನು' ಎಂದು ಕರೆಸಿಕೊಳ್ಳುವ ಹಿರಿಯ ಎರಡು ಕುಲಗಳ ನಡುವೆ ಓಡಾಡಿ, ಮೇಕೆ, ಹಾರ, ಹಣದ ಪರಿಹಾರ ಗೊತ್ತುಮಾಡುತ್ತಾನೆ. ಸಂವಾದದಿಂದ ಒಂದು ಸಮಾಜವನ್ನು ಕಾಯುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ಕಾರ್ತಹೇನಾದ ಒಳನಾಡಿನಲ್ಲಿ ಸಾನ್ ಬಸೀಲಿಯೊ ದೆ ಪಲೆಂಕೆ ಎಂಬ ಹಳ್ಳಿಯಿದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಕಟ್ಟಿಕೊಂಡ ಊರು ಅದು. ಸ್ಪ್ಯಾನಿಷ್ ಪದಗಳಿಗೆ ಮಧ್ಯ ಆಫ್ರಿಕದ ಕಿಕೊಂಗೊ ಭಾಷೆಯ ಅಂಶಗಳು ಬೆರೆತ ತಮ್ಮದೇ ನುಡಿಯನ್ನು ಅವರು ಇಂದಿಗೂ ಆಡುತ್ತಾರೆ. ಅಲ್ಲಿನ ಹೆಂಗಸರು ತಲೆಯ ಮೇಲೆ ಹಣ್ಣಿನ ಬೋಗುಣಿ ಹೊತ್ತು ಕಾರ್ತಹೇನಾದಲ್ಲಿ ಮಾರುವುದನ್ನು ಪ್ರವಾಸಿಗರೆಲ್ಲ ಚಿತ್ರ ತೆಗೆಯುತ್ತಾರೆ, ಅವರು ತಮ್ಮತಮ್ಮಲ್ಲಿ ಆಡುವ ಮಾತಿಗೆ ಕಿವಿಗೊಡುವವರು ಕಡಿಮೆ. ಬಹುಕಾಲ ಆ ನುಡಿಯನ್ನು ಕೆಟ್ಟ ಸ್ಪ್ಯಾನಿಷ್ ಎಂದು ಹೀಗಳೆದಿದ್ದರಿಂದ ತಾಯಂದಿರು ಮಕ್ಕಳಿಗೆ ಕಲಿಸುವುದನ್ನೇ ಬಿಡತೊಡಗಿದ್ದರು. ಈಗ ಊರಿನ ಶಾಲೆಯಲ್ಲಿ ಅದನ್ನು ಕಲಿಸುತ್ತಾರೆ.

ಹೊಳೆದಂಡೆ ಬರೆದಿದ್ದಾರೆ:

ಎಲ್ಲರ ಬರಹಗಳನ್ನು ಓದಿದ ಮೇಲೆ ಓದಿನ ಕ್ರಮವನ್ನು ಹೀಗೆ ಇಟ್ಟುಕೊಳ್ಳಬಹುದೆನಿಸುತ್ತದೆ. ಪೊಂಬೊ ಅವರ ಕಪ್ಪೆಮರಿಯ ಪದ್ಯವನ್ನು ಗಟ್ಟಿಯಾಗಿ ಓದಿ ಆರಂಭಿಸೋಣ, ಏಕೆಂದರೆ ಅದನ್ನು ಹೇಳಿಕೊಂಡೇ ಅಲ್ಲಿನವರು ಬೆಳೆಯುತ್ತಾರೆ. ಬಳಿಕ ಸಿಲ್ವಾ ಮತ್ತು ಒಬೇಸೊ ಇಬ್ಬರ ರಾತ್ರಿಗೀತೆಗಳನ್ನು ಒಂದೇ ಸಂಜೆ ಅಕ್ಕಪಕ್ಕ ಇಡೋಣ. ಇಬ್ಬರೂ ಬೊಗೊಟಾದಲ್ಲಿ ಮೂವತ್ತರ ಆಸುಪಾಸಿನಲ್ಲಿ ತೀರಿಕೊಂಡವರು, ಇಬ್ಬರೂ ದೂರವಾದ ಹೆಣ್ಣುಜೀವವೊಂದನ್ನು ಕತ್ತಲಲ್ಲಿ ನೆನೆದವರು. ಒಬ್ಬರು ಬಯಲಿನ ಹೂಹಾದಿಯಲ್ಲಿ, ಇನ್ನೊಬ್ಬರು ದೋಣಿಯ ಮೇಲೆ. ಪದವಿಚಾರ ಅವರು ಕೇಳಿದ ಹಿನ್ನೆಲೆಯೂ ನಾನು ಕೇಳಿದ ನದಿಯ ದನಿಯೂ ಆಗ ಒಟ್ಟಿಗೆ ಸಿಗುತ್ತವೆ.

ಮೂರನೆಯ ಸಂಜೆಗೆ ಔರೇಲಿಯೊ ಅರ್ತೂರೊ ಅವರನ್ನು ಸೇರಿಸಲು ಅನುಮತಿ ಕೇಳುತ್ತೇನೆ. ದಕ್ಷಿಣದ ನರಿನ್ಯೊ ಪ್ರಾಂತದಲ್ಲಿ 1906ರಲ್ಲಿ ಹುಟ್ಟಿ, ವಕೀಲರಾಗಿ, ನ್ಯಾಯಾಧೀಶರಾಗಿ ದುಡಿದು, 1963ರಲ್ಲಿ ಒಂದೇ ಒಂದು ತೆಳುವಾದ ಸಂಕಲನ ಹೊರತಂದ ಕವಿ ಅವರು. ಬಾಲ್ಯದ ಮನೆ, ದಾದಿಯ ಕಪ್ಪು ಕೈಗಳು, ಕುದುರೆಗಳು, ಎಲೆಗಳ ಗಾಳಿ, ಎಲ್ಲ ಬಣ್ಣಗಳನ್ನೂ ಒಳಗೊಂಡ ಹಸಿರು, ಇಷ್ಟರಿಂದಲೇ ಅವರು ಕಟ್ಟಿದ ನಾಡಿನಲ್ಲಿ ಘೋಷಣೆಯಿಲ್ಲ, ಸೋಲಿನ ಕೊರಗೂ ಇಲ್ಲ. ಇಷ್ಟು ಕಡಿಮೆ ಬರೆದು ಇಷ್ಟು ಪ್ರೀತಿ ಗಳಿಸಿದ ಕವಿಗಳು ಯಾವ ಭಾಷೆಯಲ್ಲಿಯೂ ವಿರಳ. ನಾಲ್ಕನೆಯದಕ್ಕೆ ಲೋಪೆಸ್ ಅವರ ಸುನೀತವನ್ನೂ ಪಿಕೇರಿಯಾದ ಧ್ವನಿಮುದ್ರಣಗಳನ್ನೂ ಇಡೋಣ. ಐದನೆಯದಕ್ಕೆ ಬೊಹಯಾದ ಹಾಡು, ಕರ್ರಾನ್ಸಾ, ಬೊನ್ನೆತ್. ಆರನೆಯದಕ್ಕೆ ಹಮಿಯೋಯ್, ಆಪುಷಾನಾ, ಗ್ರುಯೆಸೊ.

ಎತ್ತರದ ಊರು ಅವರು ಬೊಗೊಟಾದ ಸ್ನೇಹಿತರಲ್ಲಿ ಯಾರಿಂದಾದರೂ ಪೊಂಬೊ ಪದ್ಯವನ್ನೂ ಕರಾವಳಿಯ ಯಾರಿಂದಾದರೂ ಒಬೇಸೊ ಪದ್ಯವನ್ನೂ ಓದಿಸಿ ದಾಖಲಿಸಿ ಕಳುಹಿಸಲು ಸಾಧ್ಯವೇ ಎಂದು ಕೇಳಿಕೊಳ್ಳುತ್ತೇನೆ.

ಎತ್ತರದ ಊರು ಬರೆದಿದ್ದಾರೆ:

ಖಂಡಿತ ಸಾಧ್ಯ. ಪೊಂಬೊ ಪದ್ಯಕ್ಕೆ ಕಚೇರಿಯ ಕಾವಲುಗಾರರನ್ನೇ ಕೇಳುತ್ತೇನೆ, ಅವರು ಬೊಯಾಕಾದವರು. ಒಬೇಸೊಗೆ ಮಗ್ದಲೇನಾ ತೀರದ ಸಹೋದ್ಯೋಗಿಯೊಬ್ಬರಿದ್ದಾರೆ. ಶಾಲೆಯಲ್ಲಿ ಆ ಪದ್ಯವನ್ನು ಓದಿಸಿರಲಿಲ್ಲವೆಂದೂ ದೊಡ್ಡವರಾದ ಮೇಲೆ ತಾವೇ ಹುಡುಕಿ ಓದಿದರೆಂದೂ ಅವರು ಹೇಳಿದ್ದರು. ಅವರು ಒಪ್ಪಿದರೆ ಓದಿನ ಜೊತೆಗೆ ಆ ಮಾತನ್ನೂ ದಾಖಲಿಸಿ ಕಳುಹಿಸುತ್ತೇನೆ.